ದೊಡ್ಡ ಟೈರಿಗೆ ಯಾವ ಕ್ರೌನ್-ಪಿನಿಯನ್? ಆಕ್ಸಲ್ ಅನುಪಾತ ಆರಿಸುವ ಬಗೆ

ಜೀಪಿಗೋ ಜಿಮ್ನಿಗೋ ದೊಡ್ಡ ಟೈರ್ ಹಾಕಿಸಿದವರು ಮೊದಲ ಕೆಲವು ದಿನ ಅದರ ನೋಟಕ್ಕೇ ಮರುಳಾಗಿರುತ್ತಾರೆ. ಘಾಟಿ ಹತ್ತುವ ದಿನ ಬಂದಾಗ ದೂರು ಶುರುವಾಗುತ್ತದೆ. ಪಿಕಪ್ ಸಾಲದು, ಮೂರನೇ ಗೇರಿನಲ್ಲಿ ಏರುತ್ತಿದ್ದ ತಿರುವಿಗೆ ಈಗ ಎರಡನೆಯದು ಬೇಕು, ಕೊನೆಯ ಗೇರ್ ಇದ್ದೂ ಇಲ್ಲದಂತಾಗಿದೆ, ಕೆಸರಿನಿಂದ ಎತ್ತುವಾಗ ಕ್ಲಚ್ ಸುಟ್ಟ ವಾಸನೆ ಬರುತ್ತದೆ. ಎಂಜಿನ್‌ನಲ್ಲಿ ಏನೂ ಕೆಟ್ಟಿರುವುದಿಲ್ಲ. ಎಂಜಿನ್ನಿಗೂ ನೆಲಕ್ಕೂ ನಡುವೆ ಇದ್ದ ಲೆಕ್ಕ ತಪ್ಪಿರುತ್ತದೆ, ಅಷ್ಟೆ. ಅದನ್ನು ಸರಿಪಡಿಸುವ ಜಾಗ ಆಕ್ಸಲ್ ಹೌಸಿಂಗಿನೊಳಗಿರುವ ಕ್ರೌನ್-ಪಿನಿಯನ್ ಜೋಡಿ, ಅಂದರೆ ದೊಡ್ಡ ಹಲ್ಲುಚಕ್ರವೊಂದು (ಕ್ರೌನ್), ಅದನ್ನು ತಿರುಗಿಸುವ ಚಿಕ್ಕದೊಂದು (ಪಿನಿಯನ್).

ಇದು ದುಬಾರಿ ಕೆಲಸ. ಮುಂದಿನ ಆಕ್ಸಲ್ಲಿಗೊಂದು ಹಿಂದಿನದಕ್ಕೊಂದು ಜೋಡಿ, ಬೇರಿಂಗ್, ಸೀಲ್, ನುರಿತ ಕೈಯ ಕೂಲಿ ಎಲ್ಲವೂ ಸೇರುತ್ತವೆ. ಒಮ್ಮೆ ತಪ್ಪಾಗಿ ಆರಿಸಿದರೆ ಎರಡನೇ ಬಾರಿ ಬಿಚ್ಚಿಸಲು ಯಾರಿಗೂ ಮನಸ್ಸಾಗುವುದಿಲ್ಲ. ಹಾಗಾಗಿ ಸ್ಪ್ಯಾನರ್ ಹಿಡಿಯುವ ಮೊದಲು ಕಾಗದ ಪೆನ್ನು ಹಿಡಿಯುವುದು ಒಳ್ಳೆಯದು. ನಾನು ಬಲವಾಗಿ ನಂಬಿರುವ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಆಕ್ಸಲ್ ಅನುಪಾತವನ್ನು ರಸ್ತೆಯ ಓಟಕ್ಕಾಗಿ ಆರಿಸಬೇಕು, ಬಂಡೆ ಹತ್ತುವುದಕ್ಕಾಗಿ ಅಲ್ಲ. ಬಂಡೆಗೆ ಬೇಕಾದ ಎಳೆತವನ್ನು ಕೊಡುವ ಜಾಗ ಬೇರೆಯೇ ಇದೆ.

ಸಂಖ್ಯೆ ಏನು ಹೇಳುತ್ತದೆ

ಪಿನಿಯನ್ನಿನಲ್ಲಿ 10 ಹಲ್ಲು, ಕ್ರೌನ್ ಚಕ್ರದಲ್ಲಿ 41 ಹಲ್ಲು ಇದ್ದರೆ ಅನುಪಾತ 4.10. ಅಂದರೆ ಗೇರ್‌ಪೆಟ್ಟಿಗೆಯ ಕಡೆಯಿಂದ ಆಕ್ಸಲ್ಲಿಗೆ ಬರುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ 4.10 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ತಿರುಗುತ್ತದೆ. 11ಕ್ಕೆ 41 ಆದರೆ 3.73, 9ಕ್ಕೆ 41 ಆದರೆ 4.56, 8ಕ್ಕೆ 39 ಆದರೆ 4.88, 8ಕ್ಕೆ 43 ಆದರೆ 5.38. ಸಂಖ್ಯೆ ದೊಡ್ಡದಾದಷ್ಟೂ ಎಳೆತ ಹೆಚ್ಚು, ಓಟ ಕಡಿಮೆ.

ಎರಡನೇ ಮಹಾಯುದ್ಧದ ವಿಲ್ಲಿಸ್ ಎಂಬಿ ಜೀಪಿನಲ್ಲಿ ಇದ್ದದ್ದು 4.88. ಯುದ್ಧದ ನಂತರ ಹೊಲಗದ್ದೆಗೆಂದು ಬಂದ ಸಿಜೆ ಸರಣಿಯ ಜೀಪುಗಳಲ್ಲಿ ಅದು 5.38ಕ್ಕೆ ಏರಿತು. ಆ ಸರಣಿಯ ಸಿಜೆ-3ಬಿಯೇ ಮುಂದೆ ಮಹೀಂದ್ರಾ ಜೀಪುಗಳಿಗೆ ಮೂಲವಾಯಿತು. ಅರವತ್ತರ ಆಸುಪಾಸಿನ ಅಶ್ವಶಕ್ತಿಯ ಎಂಜಿನ್, ಭಾರ ಎಳೆಯುವ ಕೆಲಸ, ಹೆದ್ದಾರಿಯ ವೇಗದ ಹಂಗಿಲ್ಲ. ಅದಕ್ಕೆ ತಕ್ಕ ಗೇರ್. ಇಂದಿನ ವಾಹನಗಳು ನೂರರ ವೇಗದಲ್ಲಿ ಇಡೀ ದಿನ ಓಡಬೇಕು, ಇಂಧನವನ್ನೂ ಉಳಿಸಬೇಕು. ಆದ್ದರಿಂದ ಕಂಪನಿಗಳು ಸಂಖ್ಯೆಯನ್ನು ಇಳಿಸಿವೆ. ಅದರ ಮೇಲೆ ನಾವು ಟೈರಿನ ಗಾತ್ರ ಏರಿಸಿದರೆ ಇಳಿದದ್ದು ಇನ್ನಷ್ಟು ಇಳಿದಂತೆ. ಸೈಕಲ್ಲಿನ ಹಿಂದಿನ ಚಕ್ರವನ್ನು ದೊಡ್ಡದು ಮಾಡಿ ಅದೇ ಪೆಡಲಿನಿಂದ ದಿಬ್ಬ ಹತ್ತಲು ಹೊರಟ ಹಾಗೆ.

ಮೊದಲು ಟೈರ್ ಗಟ್ಟಿಯಾಗಲಿ

ಟೈರ್ ಯಾವುದೆಂದು ಅಂತಿಮವಾಗದೆ ಗೇರ್ ಕೊಳ್ಳಬೇಡಿ. "ಸದ್ಯಕ್ಕೆ 31 ಇಂಚು, ಮುಂದೆ 33" ಎನ್ನುವವರು ಈಗ ತಡೆದು, 33 ಹಾಕುವ ದಿನವೇ ಗೇರನ್ನೂ ಬದಲಿಸುವುದು ಲೇಸು. ಇಲ್ಲವೆ 33ಕ್ಕೆ ಹೊಂದುವ ಗೇರನ್ನೇ ಈಗ ಹಾಕಿಸಿ, ಅಲ್ಲಿಯವರೆಗೆ ಎಂಜಿನ್ ತುಸು ಹೆಚ್ಚು ತಿರುಗಿದರೆ ಸಹಿಸಿಕೊಳ್ಳಿ.

ನಮ್ಮಲ್ಲಿ ಕಾನೂನಿನ ಪ್ರಶ್ನೆಯೂ ಇದೆ. ತಯಾರಕರ ಮೂಲ ವಿವರಕ್ಕೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ನಿರ್ಬಂಧಿಸುತ್ತದೆ. ಯಾವ ಗಾತ್ರದವರೆಗೆ ತಕರಾರಿಲ್ಲ ಎಂಬುದನ್ನು ಸಾರಿಗೆ ಕಚೇರಿಯಲ್ಲಿ ಕೇಳಿಕೊಳ್ಳಿ, ವಿಮಾ ಕಂಪನಿಗೂ ತಿಳಿಸಿ. ವಾರಂಟಿ ಇರುವ ಗಾಡಿಯಾದರೆ ಅದರ ಷರತ್ತುಗಳನ್ನು ಓದಿ.

ಈಗ ಟೈರಿನ ಎತ್ತರ. ಪಕ್ಕದ ಮೇಲಿನ ಬರಹದಿಂದಲೇ ಇದು ಸಿಗುತ್ತದೆ. ಮಾರುತಿ ಸುಝುಕಿ ಜಿಮ್ನಿಗೆ ಕಂಪನಿ ಕೊಡುವುದು 195/80 ಆರ್15. ಅಗಲ 195 ಮಿ.ಮೀ.; ಪಕ್ಕದ ಗೋಡೆಯ ಎತ್ತರ ಅದರ ಶೇ. 80, ಅಂದರೆ 156 ಮಿ.ಮೀ.; ಇದು ಮೇಲೆ ಕೆಳಗೆ ಎರಡು ಬಾರಿ ಬರುವುದರಿಂದ 312. ರಿಮ್ 15 ಇಂಚು ಎಂದರೆ 381 ಮಿ.ಮೀ. ಕೂಡಿದರೆ 693 ಮಿ.ಮೀ. ಜಿಮ್ನಿಯವರು ಆಸೆಪಡುವ 235/75 ಆರ್15 ಟೈರಿಗೆ ಇದೇ ಲೆಕ್ಕ ಹಾಕಿದರೆ 733.5 ಮಿ.ಮೀ. ಬರುತ್ತದೆ. ಹೆಚ್ಚಳ ಶೇ. 5.8.

ಕಾಗದದ ಲೆಕ್ಕಕ್ಕಿಂತ ನೆಲದ ಅಳತೆ ನಿಜಕ್ಕೆ ಹತ್ತಿರ. ಗಾಡಿಯ ಭಾರಕ್ಕೆ ಟೈರ್ ತಗ್ಗುತ್ತದೆ, ಒಂದೊಂದು ಕಂಪನಿಯ ಒಂದೇ ಗಾತ್ರದ ಟೈರ್ ಬೇರೆ ಬೇರೆ ಎತ್ತರ ಇರುತ್ತದೆ, ಸವೆದ ಟೈರಿನ ಅಳತೆಯೂ ಬೇರೆ. ಸಮತಟ್ಟಾದ ಸಿಮೆಂಟ್ ನೆಲ ಬೇಕು. ಮಲೆನಾಡಿನವರಿಗೆ ಕಾಫಿ ಒಣಗಿಸುವ ಕಣ ಹೇಳಿ ಮಾಡಿಸಿದ ಜಾಗ. ಗಾಳಿಯ ಒತ್ತಡ ಸರಿಯಿರಲಿ. ಟೈರಿನ ಪಕ್ಕಕ್ಕೆ, ನೆಲ ಮುಟ್ಟುವ ಬಿಂದುವಿನ ನೇರಕ್ಕೆ, ಸೀಮೆಸುಣ್ಣದಿಂದ ಒಂದು ಗೆರೆ ಎಳೆದು ನೆಲದ ಮೇಲೂ ಅದಕ್ಕೆ ಎದುರಾಗಿ ಗುರುತು ಹಾಕಿ. ಗಾಡಿಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಿ. ಗೆರೆ ಐದನೇ ಬಾರಿ ಕೆಳಕ್ಕೆ ಬಂದಾಗ ನಿಲ್ಲಿಸಿ ನೆಲಕ್ಕೆ ಇನ್ನೊಂದು ಗುರುತು. ಎರಡು ಗುರುತುಗಳ ನಡುವಿನ ದೂರವನ್ನು ಐದರಿಂದ ಭಾಗಿಸಿದರೆ ಒಂದು ಸುತ್ತಿನ ನಿಜವಾದ ದೂರ, ಅದನ್ನು 3.14ರಿಂದ ಭಾಗಿಸಿದರೆ ಲೆಕ್ಕಕ್ಕೆ ಬೇಕಾದ ವ್ಯಾಸ. ಸಾಮಾನ್ಯವಾಗಿ ಇದು ಕಾಗದದ ಅಳತೆಗಿಂತ ಶೇ. 2–3 ಕಡಿಮೆ ಇರುತ್ತದೆ. ಹಳೆಯ ಮತ್ತು ಹೊಸ ಟೈರನ್ನು ಒಂದೇ ಬಗೆಯಲ್ಲಿ ಅಳೆಯಿರಿ, ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ.

ಈಗ ಇರುವ ಅನುಪಾತ ಎಷ್ಟು?

ಕಂಪನಿಯ ಕೈಪಿಡಿಯಲ್ಲಿ ಇರುತ್ತದೆ. ಕೆಲವು ಆಕ್ಸಲ್‌ಗಳ ಹೌಸಿಂಗಿನ ಮೇಲೆ ತಗಡಿನ ಚೀಟಿಯೂ ಇರುತ್ತದೆ. ಹಳೆಯ ಗಾಡಿಯಾದರೆ ಇವೆರಡನ್ನೂ ನಂಬಬೇಡಿ. ಎಸ್ಟೇಟುಗಳಲ್ಲಿ ದುಡಿದ ಜೀಪುಗಳು ಎಷ್ಟೋ ಕೈ ದಾಟಿ, ಎಷ್ಟೋ ಗ್ಯಾರೇಜು ನೋಡಿ ಬಂದಿರುತ್ತವೆ. ಒಳಗೆ ಯಾವ ಕಾಲದ ಪಿನಿಯನ್ ಕೂತಿದೆಯೋ ತಿರುಗಿಸಿ ನೋಡಿದರೆ ಮಾತ್ರ ಗೊತ್ತಾಗುತ್ತದೆ.

ಮುಂದಿನ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಹಿಂದಿನ ಎರಡೂ ಚಕ್ರಗಳನ್ನು ಎತ್ತಿ ಆಕ್ಸಲ್ ಕೆಳಗೆ ಗಟ್ಟಿಯಾದ ಸ್ಟ್ಯಾಂಡ್ ಇಡಿ. ಬರೀ ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ಯಾವ ಕಾರಣಕ್ಕೂ ತಲೆ ಹಾಕಬೇಡಿ. ಗೇರ್ ನ್ಯೂಟ್ರಲ್ಲಿಗೆ ಹಾಕಿ, ಹ್ಯಾಂಡ್ ಬ್ರೇಕ್ ಬಿಡಿ. ಪ್ರೊಪೆಲ್ಲರ್ ಶಾಫ್ಟಿಗೂ ಒಂದು ಚಕ್ರಕ್ಕೂ ಸೀಮೆಸುಣ್ಣದ ಗುರುತು ಹಾಕಿ. ಎರಡೂ ಚಕ್ರ ಒಂದೇ ದಿಕ್ಕಿಗೆ ಒಟ್ಟಿಗೆ ತಿರುಗುವಂತೆ ಒಬ್ಬೊಬ್ಬರು ಒಂದೊಂದು ಹಿಡಿದು ಹತ್ತು ಸುತ್ತು ತಿರುಗಿಸಿ. ಮೂರನೆಯವರು ಶಾಫ್ಟಿನ ಸುತ್ತು ಎಣಿಸಲಿ. 41 ಸುತ್ತು ಬಂದರೆ 4.10, ಸುಮಾರು 49 ಬಂದರೆ 4.88. ಒಬ್ಬರೇ ಇದ್ದರೆ ಒಂದೇ ಚಕ್ರ ಎತ್ತಿಯೂ ಎಣಿಸಬಹುದು, ಆದರೆ ಆಗ ಡಿಫರೆನ್ಷಿಯಲ್ (ಎರಡೂ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಗುಂಪು) ಚಲನೆಯನ್ನು ಅರ್ಧ ಮಾಡುವುದರಿಂದ ಹತ್ತರ ಬದಲು ಇಪ್ಪತ್ತು ಸುತ್ತು ತಿರುಗಿಸಬೇಕು. ಎರಡೂ ಚಕ್ರಗಳನ್ನು ಒಟ್ಟಿಗೆ ಬಿಗಿಯುವ ಲಾಕರ್ ಅಥವಾ ಲಿಮಿಟೆಡ್ ಸ್ಲಿಪ್ ಇರುವ ಆಕ್ಸಲ್‌ನಲ್ಲಿ ಈ ಒಂದು ಚಕ್ರದ ಉಪಾಯ ನಡೆಯುವುದಿಲ್ಲ. ಮುಂದಿನ ಆಕ್ಸಲ್ಲನ್ನೂ ಹೀಗೆಯೇ ನೋಡಿ.

ಲೆಕ್ಕ

ಮೊದಲನೆಯ ಲೆಕ್ಕ ಸುಲಭ: ಹಳೆಯ ಅನುಪಾತವನ್ನು ಹೊಸ ಟೈರಿನ ವ್ಯಾಸದಿಂದ ಗುಣಿಸಿ, ಹಳೆಯ ಟೈರಿನ ವ್ಯಾಸದಿಂದ ಭಾಗಿಸಿ. ಗಾಡಿ ಕಂಪನಿಯಿಂದ ಬಂದಾಗ ಇದ್ದ ನಡತೆಗೆ ಮರಳಲು ಬೇಕಾದ ಸಂಖ್ಯೆ ಬರುತ್ತದೆ.

ಮ್ಯಾನ್ಯುಯಲ್ ಗೇರಿನ ಜಿಮ್ನಿಯ ಆಕ್ಸಲ್ ಅನುಪಾತ 4.090. ಅದನ್ನು 733.5ರಿಂದ ಗುಣಿಸಿ 693ರಿಂದ ಭಾಗಿಸಿದರೆ 4.33. ಅದೇ ಜಿಮ್ನಿಯ ಆಟೊಮ್ಯಾಟಿಕ್ ಮಾದರಿಯಲ್ಲಿ ಕಂಪನಿಯೇ ಹಾಕಿರುವುದು 4.300. ಅಂದರೆ 235/75 ಹಾಕಿದ ಮ್ಯಾನ್ಯುಯಲ್ ಜಿಮ್ನಿಗೆ ಬೇಕಾದ ಗೇರ್ ಹೆಚ್ಚುಕಡಿಮೆ ಅದರ ಒಡಹುಟ್ಟಿನಲ್ಲಿಯೇ ಇದೆ. ನನಗೆ ಈ ಬಗೆಯ ಪರಿಹಾರ ಎಲ್ಲಕ್ಕಿಂತ ಇಷ್ಟ: ಕಂಪನಿಯದೇ ಲೋಹ, ಕಂಪನಿಯದೇ ಗುಣಮಟ್ಟ. ಬಿಡಿಭಾಗದ ಸಂಖ್ಯೆಗಳನ್ನು ತಾಳೆ ನೋಡಿ ನಿಮ್ಮ ಗಾಡಿಗೆ ಕೂರುತ್ತದೆಯೆಂದು ಖಚಿತಪಡಿಸಿಕೊಂಡು ಮುಂದುವರಿಯಿರಿ.

ಎರಡನೆಯ ಲೆಕ್ಕ ಎಂಜಿನ್ ವೇಗದ್ದು. ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ.

ಎಂಜಿನ್ ಸುತ್ತು = 5.305 × ವೇಗ × ಗೇರಿನ ಅನುಪಾತ × ಆಕ್ಸಲ್ ಅನುಪಾತ ÷ ಟೈರಿನ ವ್ಯಾಸ

ಇಲ್ಲಿ ವೇಗ ಗಂಟೆಗೆ ಕಿ.ಮೀ.ಗಳಲ್ಲಿ, ವ್ಯಾಸ ಮೀಟರಿನಲ್ಲಿ. ಟ್ರಾನ್ಸ್‌ಫರ್ ಕೇಸ್ (ಶಕ್ತಿಯನ್ನು ಮುಂದಿನ ಹಿಂದಿನ ಆಕ್ಸಲ್‌ಗಳಿಗೆ ಹಂಚುವ, ರಸ್ತೆಗೆ ಹೈ, ನಿಧಾನದ ಎಳೆತಕ್ಕೆ ಲೋ ಎಂಬ ಎರಡು ಗೇರಿನ ಪೆಟ್ಟಿಗೆ) ಹೈನಲ್ಲಿ 1 ಇದ್ದಾಗ ಈ ಸೂತ್ರ ಸರಿ. ಬೇರೆ ಇದ್ದರೆ ಅದನ್ನೂ ಗುಣಿಸಬೇಕು. ಮ್ಯಾನ್ಯುಯಲ್ ಜಿಮ್ನಿಯ ಐದನೇ ಗೇರ್ 1.000. ಗಂಟೆಗೆ 100 ಕಿ.ಮೀ. ವೇಗದಲ್ಲಿ ಮೂಲ ಟೈರಿನೊಂದಿಗೆ ಎಂಜಿನ್ 3,131 ಸುತ್ತು ತಿರುಗುತ್ತದೆ. ದೊಡ್ಡ ಟೈರ್, ಹಳೆಯ ಗೇರ್ ಇದ್ದರೆ 2,958. 4.300 ಹಾಕಿದರೆ 3,110. ಇನ್ನೂ ಎಳೆತ ಬೇಕೆಂದು 4.88ರ ಆಸುಪಾಸಿಗೆ ಹೋದರೆ 3,500 ದಾಟುತ್ತದೆ. ಬೆಂಗಳೂರಿನಿಂದ ಸಕಲೇಶಪುರಕ್ಕೆ ಹೋಗುವಾಗ ಇಡೀ ಹೆದ್ದಾರಿಯುದ್ದಕ್ಕೂ ಆ ಗದ್ದಲ ಕಿವಿಯಲ್ಲಿರುತ್ತದೆ, ಪೆಟ್ರೋಲೂ ಅದಕ್ಕೆ ತಕ್ಕಂತೆ ಖರ್ಚಾಗುತ್ತದೆ.

ಆಟೊಮ್ಯಾಟಿಕ್ ಜಿಮ್ನಿಯ ಕತೆ ಬೇರೆ. ಅದರ ಕೊನೆಯ ಗೇರ್ 0.697. ದೊಡ್ಡ ಟೈರಿನೊಂದಿಗೆ 100ರ ವೇಗದಲ್ಲಿ ಎಂಜಿನ್ ತಿರುಗುವುದು ಸುಮಾರು 2,170 ಸುತ್ತು, 4.88 ಹಾಕಿದರೂ 2,460ರ ಒಳಗೆ ನಿಲ್ಲುತ್ತದೆ. ಅದಕ್ಕೆ ಇನ್ನೂ ಆಳದ, ಅಂದರೆ ಇನ್ನೂ ದೊಡ್ಡ ಸಂಖ್ಯೆಯ, ಗೇರನ್ನು ತಾಳುವ ಜಾಗವಿದೆ. ಒಂದೇ ಹೆಸರಿನ, ಒಂದೇ ಎಂಜಿನ್ನಿನ, ಒಂದೇ ಟೈರಿನ ಎರಡು ಗಾಡಿಗಳಿಗೆ ಉತ್ತರ ಎರಡು. ಆದ್ದರಿಂದ "33 ಇಂಚಿಗೆ 4.56, 35ಕ್ಕೆ 4.88" ಎಂಬಂಥ ಸಿದ್ಧ ಪಟ್ಟಿಗಳನ್ನು ಕಣ್ಣು ಮುಚ್ಚಿ ಒಪ್ಪಬೇಡಿ. ಕೊನೆಯ ಗೇರಿನ ಸಂಖ್ಯೆ ಗೊತ್ತಿಲ್ಲದೆ ಆಕ್ಸಲ್ ಬಗ್ಗೆ ಸಲಹೆ ಕೊಡುವವರ ಮಾತನ್ನು ನಾನು ಗಣನೆಗೆ ತೆಗೆದುಕೊಳ್ಳುವುದಿಲ್ಲ.

ಟೈರಿನ ಹೆಚ್ಚಳ ಶೇ. 3ರ ಒಳಗಿದ್ದರೆ ಗೇರ್ ಮುಟ್ಟುವ ಅಗತ್ಯವೇ ಇಲ್ಲ. 215/75 ಆರ್15 ಹಾಕಿದ ಜಿಮ್ನಿಯಲ್ಲಿ ಹೆಚ್ಚಳ ಕೇವಲ ಶೇ. 1.5. ಶೇ. 5ರಿಂದ 10ರ ನಡುವೆ ನಿಮ್ಮ ಎಂಜಿನ್, ಭಾರ, ಓಡಾಟ ನೋಡಿ ತೀರ್ಮಾನ. ಹತ್ತು ದಾಟಿದರೆ ಬದಲಿಸಿ, ಇಲ್ಲವೇ ಆ ಟೈರನ್ನು ಬಿಡಿ. ನಡುವಿನ ದಾರಿ ಎಂದರೆ ಕ್ಲಚ್ಚಿಗೆ ಮತ್ತೆ ಮತ್ತೆ ಹಣ ಸುರಿಯುವುದು.

ಲೆಕ್ಕದ ಸಂಖ್ಯೆಗಿಂತ ಒಂದು ಮೆಟ್ಟಿಲು ಮುಂದೆ?

ಜೀಪ್ ಕಂಪನಿ ತನ್ನ ರ‍್ಯಾಂಗ್ಲರ್ ರುಬಿಕಾನ್‌ಗೆ ಅಮೆರಿಕದಲ್ಲಿ ಕೊಡುವುದು 285/70 ಆರ್17 ಟೈರ್, 4.10 ಅನುಪಾತ. 2021ರಲ್ಲಿ 'ಎಕ್ಸ್‌ಟ್ರೀಮ್ ರೀಕಾನ್' ಹೆಸರಿನಲ್ಲಿ 35 ಇಂಚಿನ 315/70 ಆರ್17 ಟೈರನ್ನು ಕಾರ್ಖಾನೆಯಲ್ಲೇ ಜೋಡಿಸಿ ಕೊಡಲು ಆರಂಭಿಸಿದಾಗ ಜೊತೆಗೆ 4.56 ಆಕ್ಸಲ್ ಕೊಟ್ಟಿತು. ಟೈರಿನ ವ್ಯಾಸ ಹೆಚ್ಚಿದ್ದು ಸುಮಾರು ಶೇ. 5, ಗೇರ್ ಹೆಚ್ಚಿದ್ದು ಶೇ. 11. ಬರೀ ವ್ಯಾಸದ ಲೆಕ್ಕ ಹಾಕಿದ್ದರೆ 4.31 ಸಾಕಿತ್ತು.

ಮೇಲಿನ ಪಾಲು ಏಕೆ? ದೊಡ್ಡ ಟೈರ್ ಎತ್ತರದಲ್ಲಿ ಮಾತ್ರ ದೊಡ್ಡದಲ್ಲ. ಅದರ ತೂಕ ಹೆಚ್ಚು, ಆ ತೂಕ ಕೂರುವುದು ಚಕ್ರದ ಅಂಚಿನಲ್ಲಿ, ನಿಂತಲ್ಲಿಂದ ಅದನ್ನು ತಿರುಗಿಸಲು ಹೆಚ್ಚಿನ ಬಲ ಬೇಕು. ದಪ್ಪ ಗುಬಟಿನ ಮಡ್ ಟೈರ್ ಉರುಳುವಾಗಲೇ ಹೆಚ್ಚು ತಡೆ ಒಡ್ಡುತ್ತದೆ. ಗಾಡಿ ಎತ್ತರವಾದಷ್ಟೂ ಎದುರುಗಾಳಿ ಹೆಚ್ಚು ತಾಗುತ್ತದೆ. ಇದರ ಮೇಲೆ ನಾವು ಉಕ್ಕಿನ ಬಂಪರ್, ವಿಂಚ್, ಛಾವಣಿಯ ಮೇಲೆ ಡೇರೆ, ಎರಡು ಕ್ಯಾನ್ ನೀರು ಎಂದು ಹೇರುತ್ತಲೇ ಹೋಗುತ್ತೇವೆ. ಇವು ಯಾವುವೂ ಮೊದಲ ಲೆಕ್ಕದಲ್ಲಿ ಬರುವುದಿಲ್ಲ.

ಎಂಜಿನ್ನಿನ ಸ್ವಭಾವವೂ ಮುಖ್ಯ. ಮಹೀಂದ್ರಾ ಥಾರ್‌ನ 2.2 ಲೀಟರ್ ಡೀಸೆಲ್ ಮ್ಯಾನ್ಯುಯಲ್ 1,600 ಸುತ್ತಿನಲ್ಲಿಯೇ 300 ನ್ಯೂಟನ್ ಮೀಟರ್ ತಿರುಚುಬಲ ಕೊಡುತ್ತದೆ. ಜಿಮ್ನಿಯ 1.5 ಲೀಟರ್ ಪೆಟ್ರೋಲ್ ಎಂಜಿನ್ ಕೊಡುವುದು 134, ಅದೂ 4,000 ಸುತ್ತಿನಲ್ಲಿ. ದೊಡ್ಡ ಟೈರಿನ ಹೊರೆಯನ್ನು ಮೊದಲನೆಯದು ಗೊಣಗದೆ ಹೊರುತ್ತದೆ, ಎರಡನೆಯದಕ್ಕೆ ಶೇ. 6ರ ಹೆಚ್ಚಳವೇ ಗೊತ್ತಾಗುತ್ತದೆ. ಎತ್ತರದ ಜಾಗದಲ್ಲಿ ಟರ್ಬೊ ಇಲ್ಲದ ಎಂಜಿನ್ ಪ್ರತಿ 100 ಮೀಟರಿಗೆ ಸುಮಾರು ಶೇ. 1ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಸಾವಿರ ಮೀಟರಿನ ಮಡಿಕೇರಿ ಸೀಮೆಯಲ್ಲಿ ಓಡುವ ಪೆಟ್ರೋಲ್ ಗಾಡಿ ಹತ್ತರಲ್ಲಿ ಒಂದು ಪಾಲು ಕಳೆದುಕೊಂಡೇ ಓಡುತ್ತಿರುತ್ತದೆ. ಲಡಾಖಿಗೆ ಹೊರಡುವವರು ಐದು ಸಾವಿರ ಮೀಟರ್ ಮೀರಿದ ಕಣಿವೆದಾರಿಗಳಲ್ಲಿ ಏನು ಉಳಿಯುತ್ತದೆಂದು ತಾವೇ ಲೆಕ್ಕ ಹಾಕಿಕೊಳ್ಳಲಿ.

ನನ್ನ ಅಭಿಪ್ರಾಯ ಹೀಗಿದೆ. ಗಾಡಿ ಭಾರವಾಗಿದ್ದು, ಟರ್ಬೊ ಇಲ್ಲದಿದ್ದು, ಓಡಾಟ ಹೆಚ್ಚಾಗಿ ಘಾಟಿಯಲ್ಲಿದ್ದು, ಕೊನೆಯ ಗೇರ್ 1ಕ್ಕಿಂತ ಕಡಿಮೆ ಇದ್ದರೆ ಲೆಕ್ಕದ ಸಂಖ್ಯೆಗಿಂತ ಮುಂದಿನ ಮೆಟ್ಟಿಲಿಗೆ ಹೋಗಿ. ವಾರಪೂರ್ತಿ ಹೆದ್ದಾರಿಯಲ್ಲಿ ಓಡಿ ತಿಂಗಳಿಗೊಮ್ಮೆ ಕೆಸರು ಕಾಣುವ ಗಾಡಿಯಾದರೆ ಲೆಕ್ಕದ ಸಂಖ್ಯೆಗೆ ಹತ್ತಿರದಲ್ಲೇ ನಿಲ್ಲಿ. ಪೇಟೆಯಲ್ಲಿ ನಿಮಗೆ ಬೇಕಾದಷ್ಟೇ ಸಂಖ್ಯೆ ಸಿಗುವುದಿಲ್ಲ. ಎರಡರ ನಡುವೆ ಸಿಕ್ಕಿಕೊಂಡರೆ ನಿಮ್ಮ ಮಾಮೂಲಿ ವೇಗದಲ್ಲಿ ಎಂಜಿನ್ ಎಷ್ಟು ತಿರುಗುತ್ತದೆ ಎಂಬ ಎರಡನೆಯ ಲೆಕ್ಕವೇ ತೀರ್ಪು ಕೊಡಲಿ.

ಬಂಡೆಗೆ ಬೇಕಾದ ಎಳೆತ ಟ್ರಾನ್ಸ್‌ಫರ್ ಕೇಸಿನಲ್ಲಿದೆ

ತೆವಳುವ ಅನುಪಾತ ಎಂದರೆ ಮೊದಲ ಗೇರ್, ಟ್ರಾನ್ಸ್‌ಫರ್ ಕೇಸಿನ ಲೋ, ಆಕ್ಸಲ್ ಮೂರನ್ನೂ ಗುಣಿಸಿದ್ದು. ಮ್ಯಾನ್ಯುಯಲ್ ಜಿಮ್ನಿಯಲ್ಲಿ 4.425 × 2.002 × 4.090, ಅಂದರೆ 36.2. ಎಂಜಿನ್ 800 ಸುತ್ತಿನಲ್ಲಿ ಸುಮ್ಮನೆ ತಿರುಗುವಾಗ ಗಾಡಿ ಗಂಟೆಗೆ ಸುಮಾರು 2.9 ಕಿ.ಮೀ. ವೇಗದಲ್ಲಿ ತೆವಳುತ್ತದೆ. ಆಕ್ಸಲ್ಲನ್ನು 4.300 ಮಾಡಿದರೆ ಇದು 38.1 ಆಗುತ್ತದೆ. ದೊಡ್ಡ ಟೈರಿನಿಂದ ಕಳೆದುಕೊಂಡದ್ದು ಮರಳಿ ಬಂತು, ಹೆಚ್ಚೇನೂ ಸಿಗಲಿಲ್ಲ.

ಮ್ಯಾನ್ಯುಯಲ್ ಗೇರಿನ ರುಬಿಕಾನ್‌ನ ಲೆಕ್ಕ ನೋಡಿ: ಮೊದಲ ಗೇರ್ 5.13, ಲೋ 4, ಆಕ್ಸಲ್ 4.10. ಗುಣಿಸಿದರೆ 84. ಅದು ಗಂಟೆಗೆ ಒಂದೂವರೆ ಕಿ.ಮೀ. ವೇಗದಲ್ಲಿ ಬಂಡೆಯ ಮೇಲೆ ಕಾಲಿಡುತ್ತದೆ. ಜಿಮ್ನಿಗೂ ಅದಕ್ಕೂ ಆಕ್ಸಲ್ಲಿನಲ್ಲಿ ವ್ಯತ್ಯಾಸವೇ ಇಲ್ಲ. ಇರುವುದೆಲ್ಲ ಟ್ರಾನ್ಸ್‌ಫರ್ ಕೇಸಿನಲ್ಲಿ ಮತ್ತು ಮೊದಲ ಗೇರಿನಲ್ಲಿ. ಹಿಂದಿನ ತಲೆಮಾರಿನ ರ‍್ಯಾಂಗ್ಲರ್‌ನ ಸಾಮಾನ್ಯ ಮಾದರಿಗಳಲ್ಲಿ ಲೋ 2.72, ರುಬಿಕಾನ್‌ನಲ್ಲಿ 4. ಅಲ್ಲಿಯೇ ಶೇ. 47ರಷ್ಟು ಹೆಚ್ಚಳ. ಆಕ್ಸಲ್ಲನ್ನು 4.10ರಿಂದ 4.88ಕ್ಕೆ ಏರಿಸಿ ಪಡೆಯುವುದು ಬರೀ 19.

ಹಾಗಾಗಿ ಬಂಡೆ, ಹೊಳೆಗಲ್ಲು, ಕಡಿದಾದ ಇಳಿಜಾರು ನಿಮ್ಮ ಮುಖ್ಯ ಚಿಂತೆಯಾದರೆ ಟ್ರಾನ್ಸ್‌ಫರ್ ಕೇಸಿಗೆ ಕಡಿಮೆ ವೇಗದ ಗೇರ್ ಸೆಟ್ ಸಿಗುತ್ತದೆಯೇ ನೋಡಿ. ಹೊರದೇಶಗಳಲ್ಲಿ ಜಿಮ್ನಿಗೆ ಇಂಥ ಸೆಟ್ಟುಗಳು ಸಿಗುತ್ತವೆ. ನಮ್ಮ ಜಿಪ್ಸಿಯ ಸೋದರ ಸುಝುಕಿ ಸಮುರಾಯ್‌ಗೆ ಬರುವ ಪ್ರಸಿದ್ಧ 4.16 ಸೆಟ್ ಇನ್ನೂ ಒಂದು ಉಪಕಾರ ಮಾಡುತ್ತದೆ. ಲೋ 2.268ರಿಂದ 4.16ಕ್ಕೆ ಏರುವುದರ ಜೊತೆಗೆ ಹೈ ಕೂಡ ಶೇ. 12ರಷ್ಟು ಏರುತ್ತದೆ. ಅಂಥ ಗಾಡಿಯಲ್ಲಿ ಆಕ್ಸಲ್ ಹೌಸಿಂಗ್ ಬಿಚ್ಚದೆಯೇ ದೊಡ್ಡ ಟೈರಿನ ರಸ್ತೆ ಲೆಕ್ಕವೂ ಸರಿಹೋಗುತ್ತದೆ. ಇದು ಎಲ್ಲ ಗಾಡಿಗಳಲ್ಲೂ ಸಾಧ್ಯವಿಲ್ಲ, ಆದರೆ ಸಾಧ್ಯವಿರುವಲ್ಲಿ ಇದಕ್ಕಿಂತ ಜಾಣ ಖರ್ಚು ಇನ್ನೊಂದಿಲ್ಲ.

ಇಳಿಜಾರಿನ ಮಾತು ಬಂದದ್ದರಿಂದ ಹೇಳುತ್ತೇನೆ. ಮಾಂದಲಪಟ್ಟಿಯ ಜೀಪುದಾರಿಯಂಥ ಕಡೆ ಹತ್ತುವಾಗಿನ ಎಳೆತದ ಬಗ್ಗೆ ಎಲ್ಲರೂ ಯೋಚಿಸುತ್ತಾರೆ, ಇಳಿಯುವಾಗ ಎಂಜಿನ್ ಹಿಡಿದು ನಿಲ್ಲಿಸುವ ಬಲದ ಬಗ್ಗೆ ಯೋಚಿಸುವವರು ಕಡಿಮೆ. ದೊಡ್ಡ ಟೈರ್ ಆ ಹಿಡಿತವನ್ನೂ ಕಡಿಮೆ ಮಾಡುತ್ತದೆ, ಬ್ರೇಕಿನ ಬಲವನ್ನೂ ಕಡಿಮೆ ಮಾಡುತ್ತದೆ. ಗೇರ್ ಬದಲಿಸಿದರೆ ಎಂಜಿನ್ನಿನ ಹಿಡಿತ ಮರಳುತ್ತದೆ, ಬ್ರೇಕಿನದು ಮರಳುವುದಿಲ್ಲ. ಮಳೆಗಾಲದ ಜೇಡಿಮಣ್ಣಿನಲ್ಲಿ ಇದನ್ನು ಮರೆತರೆ ಅಪಾಯ.

ಕೊಲ್ಲಿ ದೇಶಗಳಲ್ಲಿ ಮರಳುದಿಬ್ಬ ಹತ್ತುವ ಕನ್ನಡಿಗರಿಗೆ ಸಲಹೆ ಬೇರೆ. ಮರಳಿನಲ್ಲಿ ಚಕ್ರದ ವೇಗ ಉಳಿಯಬೇಕು. ಗೇರ್ ತೀರಾ ಆಳವಾದರೆ ದಿಬ್ಬದ ನಡುವೆ ಎಂಜಿನ್ ಮಿತಿ ಮುಟ್ಟಿ, ಗೇರ್ ಬದಲಿಸುವ ಆ ಒಂದು ಕ್ಷಣದಲ್ಲಿ ಗಾಡಿ ಹೂತುಹೋಗುತ್ತದೆ. ಅಲ್ಲಿ ಮೊದಲ ಲೆಕ್ಕದ ಸಂಖ್ಯೆಯನ್ನು ದಾಟಬೇಡಿ.

ಕೊಳ್ಳುವ ಮೊದಲು

ಮುಂದೆ ಹಿಂದೆ ಎರಡೂ ಆಕ್ಸಲ್‌ಗಳ ಅನುಪಾತ ಒಂದೇ ಇರಬೇಕು. ನಡುವೆ ಡಿಫರೆನ್ಷಿಯಲ್ ಇಲ್ಲದ ಫೋರ್-ವೀಲ್ ಡ್ರೈವ್‌ನಲ್ಲಿ ಮುಂದಿನದು 4.10, ಹಿಂದಿನದು 4.56 ಎಂದರೆ ಗಟ್ಟಿ ನೆಲದಲ್ಲಿ ಒಂದನ್ನೊಂದು ತಿರುಚುತ್ತಾ ಶಾಫ್ಟನ್ನೋ ಟ್ರಾನ್ಸ್‌ಫರ್ ಕೇಸನ್ನೋ ಮುರಿಯುತ್ತವೆ. 4.10ಕ್ಕೆ 4.11ರಂಥ ಕೂದಲೆಳೆಯ ವ್ಯತ್ಯಾಸ ಮಾತ್ರ ನಡೆಯುತ್ತದೆ. ಹಿಂದಿನದನ್ನು ಈ ತಿಂಗಳು ಬದಲಿಸಿ ಮುಂದಿನದನ್ನು ಮುಂದಿನ ತಿಂಗಳು ಎಂದುಕೊಂಡವರು ಅಲ್ಲಿಯವರೆಗೆ ಫೋರ್-ವೀಲ್ ಲಿವರ್ ಮುಟ್ಟಬಾರದು.

ಮುಂದಿನ ಆಕ್ಸಲ್ಲಿಗೆ ಸೆಟ್ ಸಿಗುತ್ತದೆಯೇ ಎಂದು ಮೊದಲು ವಿಚಾರಿಸಿ. ಹಳೆಯ ಜೀಪು, ಜಿಪ್ಸಿ, ಜಿಮ್ನಿಗಳಲ್ಲಿ ಮುಂದೆಯೂ ಇಡೀ ಆಕ್ಸಲ್ ಇದೆ. 2020ರಲ್ಲಿ ಬಂದ ಥಾರ್‌ನಲ್ಲಿ ಮುಂದೆ ಸ್ವತಂತ್ರ ಸಸ್ಪೆನ್ಷನ್ ಇರುವುದರಿಂದ ಒಳಗಿನ ಡಿಫರೆನ್ಷಿಯಲ್ ಹಿಂದಿನ ಆಕ್ಸಲ್ಲಿನದಕ್ಕಿಂತ ಬೇರೆ ಬಗೆಯದು. ಹಿಂದಿನದು ಸುಲಭವಾಗಿ ಸಿಕ್ಕಿತೆಂದು ಹಣ ಕೊಟ್ಟು ಕೂರಬೇಡಿ.

ಬಲದ ಪ್ರಶ್ನೆಯೂ ಇದೆ. ಸಂಖ್ಯೆ ಏರಿದಂತೆ ಪಿನಿಯನ್ ಚಿಕ್ಕದಾಗುತ್ತದೆ, ಅದರ ಹಲ್ಲು ಕಡಿಮೆಯಾಗುತ್ತದೆ. 3.73ರ ಪಿನಿಯನ್ನಿಗೆ 11 ಹಲ್ಲು, 5.38ರದಕ್ಕೆ 8. ಅದೇ ಹೌಸಿಂಗಿನಲ್ಲಿ ಕೂರುವ ಚಿಕ್ಕ ಪಿನಿಯನ್, ದೊಡ್ಡ ಟೈರಿನ ಹೆಚ್ಚಿನ ಹೊಡೆತ ತಿನ್ನಬೇಕು. ಸಣ್ಣ ಮುಂದಿನ ಆಕ್ಸಲ್ ಇರುವ ಗಾಡಿಗೆ ಐದು ದಾಟಿದ ಸಂಖ್ಯೆ ಹಾಕಿ, ಚಕ್ರ ಸಿಕ್ಕಿಕೊಂಡಾಗ ಆಕ್ಸಿಲರೇಟರ್ ಒತ್ತಿ ಹಿಡಿದರೆ ಹಲ್ಲು ಉದುರುತ್ತದೆ. ಕೆಲವು ಆಕ್ಸಲ್‌ಗಳಲ್ಲಿ ಅನುಪಾತ ಒಂದು ಗಡಿ ದಾಟಿದರೆ ಕ್ರೌನ್ ಕೂರುವ ಕೇಜ್ ಕೂಡ ಬದಲಾಗಬೇಕು. ಹಳೆಯ ಜೀಪುಗಳ ಡಾನಾ 44 ಎಂಬ ಆಕ್ಸಲ್‌ನಲ್ಲಿ 3.73ರವರೆಗೆ ಒಂದು, 3.92ರಿಂದ ಮೇಲಕ್ಕೆ ಇನ್ನೊಂದು. ಲಾಕರ್ ಹಾಕಿಸುವ ಯೋಚನೆ ಇದ್ದರೆ ಇದೇ ಸಮಯಕ್ಕೆ ಮಾಡಿಸಿ, ಬಿಚ್ಚುವ ಕೂಲಿ ಒಂದೇ ಬಾರಿ ಹೋಗುತ್ತದೆ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ಬೇರೆಲ್ಲಾಗಲಿ ಹಳೆಯ ಸೆಟ್ ಕೊಳ್ಳುವುದಾದರೆ ಅಂಗಡಿಯಲ್ಲೇ ಹಲ್ಲು ಎಣಿಸಿ. ಕ್ರೌನ್ ಮತ್ತು ಪಿನಿಯನ್ ಕಾರ್ಖಾನೆಯಲ್ಲಿ ಒಂದಕ್ಕೊಂದು ಉಜ್ಜಿ ಹೊಂದಿಸಿದ ಜೋಡಿ. ಎರಡರ ಮೇಲೂ ಒಂದೇ ಜೋಡಿ ಸಂಖ್ಯೆ ಕೊರೆದಿರುತ್ತದೆ. ಸಂಖ್ಯೆ ತಾಳೆಯಾಗದಿದ್ದರೆ ಎಷ್ಟು ಅಗ್ಗವಾದರೂ ಬೇಡ. ಹಲ್ಲಿನ ಮೇಲೆ ಬೆರಳಾಡಿಸಿ ನೋಡಿ. ಸಣ್ಣ ಗುಳಿ, ಮೆಟ್ಟಿಲಿನಂಥ ಸವೆತ, ಬಿಸಿಗೆ ನೀಲಿಗಟ್ಟಿದ ಬಣ್ಣ ಕಂಡರೆ ಕೆಳಗಿಡಿ.

ಕೂರಿಸುವ ಕೆಲಸ ಮತ್ತು ಮೊದಲ ಓಟ

ಇದು ಮನೆಯಂಗಳದಲ್ಲಿ ಕಲಿಯುವ ಕೆಲಸವಲ್ಲ. ಪಿನಿಯನ್ ಎಷ್ಟು ಆಳದಲ್ಲಿ ಕೂರಬೇಕೆಂಬುದನ್ನು ಶಿಮ್ ಎಂಬ ತೆಳುವಾದ ಲೋಹದ ಬಿಲ್ಲೆಗಳಿಂದ ಹೊಂದಿಸುತ್ತಾರೆ. ಪಿನಿಯನ್ ಬೇರಿಂಗಿನ ಬಿಗಿಯನ್ನು ಟಾರ್ಕ್ ರೆಂಚಿನಲ್ಲಿ ಅಳೆಯುತ್ತಾರೆ. ಕ್ರೌನ್ ಮತ್ತು ಪಿನಿಯನ್ ನಡುವಿನ ಸಡಿಲ, ಅಂದರೆ ಬ್ಯಾಕ್‌ಲ್ಯಾಶ್, ಅನೇಕ ಆಕ್ಸಲ್‌ಗಳಲ್ಲಿ 0.15ರಿಂದ 0.25 ಮಿ.ಮೀ. ಒಳಗಿರಬೇಕು, ನಿಮ್ಮ ಸೆಟ್ಟಿನ ಜೊತೆ ಬಂದ ಚೀಟಿಯಲ್ಲಿರುವುದೇ ಅಂತಿಮ. ಸುಝುಕಿಗಳಲ್ಲಿ ಡಿಫರೆನ್ಷಿಯಲ್ ಇಡಿಯಾಗಿ ಹೊರಬರುವುದರಿಂದ ಇದನ್ನೆಲ್ಲ ಮೇಜಿನ ಮೇಲೆ ಮಾಡಬಹುದು. ಡಾನಾ ಬಗೆಯ ಆಕ್ಸಲ್‌ಗಳಲ್ಲಿ ಹೌಸಿಂಗಿನೊಳಗೇ ಮಾಡಬೇಕು.

ಮೆಕ್ಯಾನಿಕ್ ಹತ್ತಿರ ಒಂದೇ ಪ್ರಶ್ನೆ ಕೇಳಿ: ಹಲ್ಲಿನ ಗುರುತು ತೆಗೆದು ತೋರಿಸುತ್ತೀರಾ? ಕ್ರೌನ್ ಹಲ್ಲುಗಳಿಗೆ ಪ್ರಷಿಯನ್ ಬ್ಲೂ ಅಥವಾ ಹಳದಿ ಗುರುತಿನ ಪೇಸ್ಟ್ ಸವರಿ, ತುಸು ತಡೆ ಕೊಟ್ಟು ತಿರುಗಿಸಿದಾಗ ಪಿನಿಯನ್ ಒತ್ತಿದ ಜಾಗದಲ್ಲಿ ಬಣ್ಣ ಒರೆಸಿಹೋಗಿ ಒಂದು ಅಂಡಾಕಾರ ಮೂಡುತ್ತದೆ. ಅದು ಹಲ್ಲಿನ ತುದಿಗೂ ಬುಡಕ್ಕೂ ನಡುವೆ ಇರಬೇಕು. ತುದಿಗೆ ಸರಿದಿದ್ದರೆ ಪಿನಿಯನ್ ಇನ್ನೂ ಒಳಕ್ಕೆ ಹೋಗಬೇಕು, ಬುಡಕ್ಕೆ ಸರಿದಿದ್ದರೆ ಹೊರಕ್ಕೆ ಬರಬೇಕು. ಸರಿಯಾಗುವವರೆಗೆ ಬಿಚ್ಚಿ ಶಿಮ್ ಬದಲಿಸಿ ಮತ್ತೆ ಕೂರಿಸುವ ತಾಳ್ಮೆ ಇರುವವರನ್ನೇ ಹುಡುಕಿ. "ಕೈ ಅಂದಾಜಿಗೇ ಗೊತ್ತಾಗುತ್ತದೆ" ಎನ್ನುವವರಿಗೆ ನಿಮ್ಮ ಗಾಡಿ ಕೊಡಬೇಡಿ. ಗುರುತಿನ ಫೋಟೊ ತೆಗೆದು ಇಟ್ಟುಕೊಳ್ಳಿ.

ಸ್ಪೀಡೋಮೀಟರ್ ವಿಚಾರ: ಹಳೆಯ ಗಾಡಿಗಳಲ್ಲಿ ಅದರ ಕೇಬಲ್ ಟ್ರಾನ್ಸ್‌ಫರ್ ಕೇಸಿನಿಂದ ಬರುವುದರಿಂದ ಸರಿಯಾದ ಗೇರ್ ಹಾಕಿದರೆ ಓದುವಿಕೆಯೂ ಸರಿಹೋಗುತ್ತದೆ. ಚಕ್ರಗಳ ಬಳಿಯ ಎಬಿಎಸ್ ಸೆನ್ಸರ್‌ಗಳಿಂದ ವೇಗ ಓದುವ ಹೊಸ ಗಾಡಿಗಳಲ್ಲಿ ಟೈರಿನಿಂದಾದ ತಪ್ಪು ಗೇರಿನಿಂದ ಸರಿಹೋಗುವುದಿಲ್ಲ. ಶೇ. 5.8 ದೊಡ್ಡ ಟೈರಿನಲ್ಲಿ ಮುಳ್ಳು 80 ತೋರಿಸುವಾಗ, ಮೊದಲು ಅದು ನಿಖರವಾಗಿತ್ತೆಂದುಕೊಂಡರೆ, ನಿಜದ ವೇಗ 84 ದಾಟಿರುತ್ತದೆ. ಆಟೊಮ್ಯಾಟಿಕ್ ಗಾಡಿಗಳಲ್ಲಿ ಹೊಸ ಅನುಪಾತವನ್ನು ಕಂಪ್ಯೂಟರಿಗೆ ತಿಳಿಸದಿದ್ದರೆ ಗೇರ್ ಬದಲಾಗುವ ಸಮಯ ಏರುಪೇರಾಗಬಹುದು, ಎಚ್ಚರಿಕೆಯ ದೀಪ ಹತ್ತಬಹುದು. ಅದನ್ನು ಮಾಡಿಕೊಡುವವರು ಯಾರೆಂದು ಮೊದಲೇ ಗೊತ್ತುಮಾಡಿಕೊಳ್ಳಿ.

ಹೊಸ ಹಲ್ಲುಗಳು ಮೊದಲ ಓಟದಲ್ಲಿ ಬಹಳ ಬಿಸಿಯಾಗುತ್ತವೆ. ಮೊದಲ ದಿನ 25–30 ಕಿ.ಮೀ. ಮೆಲ್ಲಗೆ ಓಡಿಸಿ, ನಿಲ್ಲಿಸಿ, ಹೌಸಿಂಗ್ ಪೂರ್ತಿ ತಣಿಯಲು ಬಿಡಿ. ಇದನ್ನು ಎರಡು ಮೂರು ಬಾರಿ ಮಾಡಿ. ಮೊದಲ 800 ಕಿ.ಮೀ. ಭಾರ ಎಳೆಯಬೇಡಿ, ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸಬೇಡಿ, ಕೆಸರಿಗಂತೂ ಇಳಿಯಲೇಬೇಡಿ. ಆಮೇಲೆ ಗೇರ್ ಆಯಿಲ್ ಬದಲಿಸಿ. ಸೆಟ್ ತಯಾರಕರು ಹೇಳಿದ ದರ್ಜೆಯ ಜಿಎಲ್-5 ಆಯಿಲ್ ಇರಲಿ. ಹಳೆಯ ಆಯಿಲ್ ಇಳಿಸುವಾಗ ಪ್ಲಗ್ಗಿನ ಅಯಸ್ಕಾಂತ ನೋಡಿ. ಬೂದುಬಣ್ಣದ ನುಣುಪಾದ ಪುಡಿ ಅಂಟಿದ್ದರೆ ಅದು ಹಲ್ಲುಗಳು ಒಂದಕ್ಕೊಂದು ಹೊಂದಿಕೊಂಡ ಗುರುತು. ಬೆರಳಿಗೆ ಚುಚ್ಚುವ ಚೂರುಗಳಿದ್ದರೆ ಗಾಡಿಯನ್ನು ಮುಂದೆ ಓಡಿಸದೆ ಹೌಸಿಂಗ್ ತೆರೆಸಿ. ಓಡುವಾಗ ಊಳಿಡುವ ಸದ್ದು ಕೇಳಿಸಿದರೆ ಅದು ಆಕ್ಸಿಲರೇಟರ್ ಒತ್ತಿದಾಗಲೋ ಬಿಟ್ಟಾಗಲೋ, ಯಾವ ವೇಗದಿಂದ ಯಾವ ವೇಗದವರೆಗೋ ಎಂಬುದನ್ನು ಬರೆದುಕೊಂಡು ಹೋಗಿ ಮೆಕ್ಯಾನಿಕ್‌ಗೆ ತಿಳಿಸಿ. ಬೇರಿಂಗಿನ ಬಿಗಿ ತಪ್ಪಿದೆಯೋ ಪಿನಿಯನ್ನಿನ ಆಳ ತಪ್ಪಿದೆಯೋ ಎಂದು ಅವರು ಅರ್ಧಕ್ಕರ್ಧ ಅಷ್ಟರಿಂದಲೇ ಗುರುತಿಸುತ್ತಾರೆ.